ಮಳೆಗಾಲದ ಕೌದಿ, ಪ್ರಗತಿ ಟಿಪ್ಪಣಿ: ವ್ಯಾಡಿಂಗ್‌ಗೆ ಯಾವ ಕತ್ತರಿ?

ಎಲ್ಲಿಗೆ ಬಂತು

ಮುಗಿದ ಅಳತೆ 60 × 90 ಇಂಚು, ಒಂಟಿ ಮಂಚಕ್ಕೆ. ತುಂಡು ಬಟ್ಟೆ ಜೋಡಿಸಿದ ಮೇಲ್ಪದರ ಹೊಲಿದಾಗಿದೆ. ತಳಕ್ಕೆ ಹಳೆಯ ಹತ್ತಿ ಸೀರೆ ತೊಳೆದು ಇಸ್ತ್ರಿ ಆಗಿದೆ. ಇವೆರಡರ ನಡುವೆ ಇಡುವ ನಾರಿನ ಹಾಳೆ, ಅಂದರೆ ವ್ಯಾಡಿಂಗ್, ಕತ್ತರಿಸಿ ಜೋಡಿಸಿದ್ದು ಈ ಸಲದ ಕೆಲಸ. ಹಳೆಯ ಕ್ರಮದಲ್ಲಿ ಸೀರೆಯ ಮೇಲೆ ಸೀರೆ ಹಾಸಿ ಹೊಲಿಯುವವರಿಗೆ ಈ ತಲೆಬಿಸಿ ಇಲ್ಲ. ಒಳಗೆ ಹಾಳೆ ಇಡಲು ಹೊರಟವರಿಗೆ ಮಾತ್ರ ಇದು ಬೇಕು.

ಹತ್ತಿಯೋ ಪಾಲಿಯೆಸ್ಟರೋ

ಸಲಕರಣೆಯ ಆಯ್ಕೆ ಇಲ್ಲಿಂದಲೇ ಶುರು. ತೀರ್ಥಹಳ್ಳಿ, ಹೊಸನಗರ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿ ಹಾಳೆಯನ್ನು ಒಣಗಿಸುವುದೇ ಕಷ್ಟ. ಸಾಮಾನ್ಯ ಹವೆಯಲ್ಲೇ ಹತ್ತಿ ತನ್ನ ತೂಕದ 7–8%ರಷ್ಟು ತೇವ ಹಿಡಿದಿಡುತ್ತದೆ, ಪಾಲಿಯೆಸ್ಟರ್ 0.4% ಮಾತ್ರ. ಹತ್ತಿಯ ನಾರು ಒದ್ದೆಯಾದಷ್ಟೂ ಗಟ್ಟಿ. ಹಾಗಾಗಿ ಮಳೆಗಾಲದಲ್ಲಿ ಅಲಗು ಸ್ವಲ್ಪ ಮೊಂಡಾಗಿದ್ದರೂ ಹಾಳೆ ಕಡಿಯುವುದಿಲ್ಲ, ನಾರು ಎಳೆದುಕೊಂಡು ಬರುತ್ತದೆ. ಹತ್ತಿಯೇ ಬೇಕೆಂದರೆ ಜನವರಿ–ಫೆಬ್ರವರಿಯ ಬಿಸಿಲಿನಲ್ಲಿ ಕತ್ತರಿಸಿಟ್ಟುಕೊಳ್ಳುವುದು ಮೇಲು. ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸಿದರೆ ಹೊಗೆಯ ವಾಸನೆ ಕೌದಿ ಹರಿಯುವವರೆಗೂ ಹೋಗುವುದಿಲ್ಲ. ಬೂರುಗದ ಹತ್ತಿಯ ಮಾತೇ ಬೇಡ. ಅದರ ನಾರು ಗಿಡ್ಡ, ನುಣುಪು. ದಿಂಬಿಗೆ ಸರಿ, ಹಾಳೆಯಾಗಿ ನಿಲ್ಲುವುದಿಲ್ಲ.

ಈ ಕೌದಿಗೆ ತೆಗೆದುಕೊಂಡದ್ದು 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಪಾಲಿಯೆಸ್ಟರ್ ವ್ಯಾಡಿಂಗ್, 60 ಇಂಚು ಪನ್ನದ್ದು (ಅಗಲದ್ದು). ಕತ್ತರಿಸಿ ಜೋಡಿಸಿದ 66 × 96 ಇಂಚಿನ ಹಾಳೆ ಸುಮಾರು 820 ಗ್ರಾಂ ತೂಗುತ್ತದೆ.

ಕತ್ತರಿ

ದೊಡ್ಡ ಹಾಳೆಗೆ ಉದ್ದ ಅಲಗಿನ ಟೈಲರ್ ಕತ್ತರಿಯೇ ಸರಿ, 10 ಇಂಚಿನದು. ಹಿಡಿ ಮೇಲಕ್ಕೆ ಬಾಗಿರಬೇಕು, ಆಗ ಕೆಳಗಿನ ಅಲಗು ಮೇಜಿಗೆ ತಾಗಿಕೊಂಡೇ ಜಾರುತ್ತದೆ. ನೇರ ಹಿಡಿಯ ಮನೆಗತ್ತರಿಯಲ್ಲಿ ಹಾಳೆ ಮೇಲೇಳುತ್ತದೆ, ಮೇಲಿನ ಮೈ ಒಂದು ಕಡೆ ಕೆಳಗಿನ ಮೈ ಇನ್ನೊಂದು ಕಡೆ ಕಡಿದು ಅಂಚು ಓರೆಯಾಗುತ್ತದೆ. 12 ಇಂಚಿನದು ಇನ್ನೂ ಬೇಗ ಕಡಿಯುತ್ತದೆ ನಿಜ, ಆದರೆ ಭಾರಕ್ಕೆ ಮಣಿಕಟ್ಟು ಸೋಲುತ್ತದೆ.

ಅಲಗಿನ ಅಂಚು ನುಣುಪಾಗಿರಲಿ. ಸಣ್ಣ ಹಲ್ಲಿನ ಅಂಚು ಜಾರುವ ರೇಷ್ಮೆಗೆ ಚೆನ್ನ, ವ್ಯಾಡಿಂಗ್‌ನಲ್ಲಿ ಹಲ್ಲಿಗೆ ನಾರು ಸಿಕ್ಕಿಕೊಳ್ಳುತ್ತದೆ. ಮೀರತ್ ಕತ್ತರಿಗೆ ನಮ್ಮ ಮತ: ಕಾರ್ಬನ್ ಉಕ್ಕಿನ ಅಲಗು, ಸಾಣೆ ಹಿಡಿಸಿದಷ್ಟೂ ಬಾಳುತ್ತದೆ. ತೊಂದರೆ ತುಕ್ಕಿನದು. ಕೆಲಸ ಮುಗಿದ ಮೇಲೆ ತಿರುಪಿನ ಹತ್ತಿರ ಸೇರಿದ ನಾರು ತೆಗೆದು, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸವರಿಡಬೇಕು. ಕೊಬ್ಬರಿ ಎಣ್ಣೆ ಹಚ್ಚಿದರೆ ಅಂಟಾಗುತ್ತದೆ. ಮತ್ತೆ ಬಳಸುವ ಮುಂಚೆ ಚಿಂದಿ ಬಟ್ಟೆಯೊಂದನ್ನು ಕತ್ತರಿಸಿ ಎಣ್ಣೆ ಕಳೆಯಿರಿ, ಇಲ್ಲದಿದ್ದರೆ ಅಂಚಿಗೆ ಕಲೆ.

ಕತ್ತರಿಸುವಾಗ ಅಲಗನ್ನು ತುದಿಯವರೆಗೆ ಮುಚ್ಚಬಾರದು. ಒಂದಿಂಚು ಉಳಿದಾಗಲೇ ತೆರೆದು ಮುಂದೆ ಸರಿಸಬೇಕು. ಪೂರ್ತಿ ಮುಚ್ಚಿದಲ್ಲೆಲ್ಲ ಅಂಚಿಗೆ ಒಂದು ಕಚ್ಚು ಬೀಳುತ್ತದೆ. ಸೀಮೆಸುಣ್ಣದ ಗೆರೆ ಪಾಲಿಯೆಸ್ಟರ್ ಮೇಲೆ ನಿಲ್ಲುವುದಿಲ್ಲ. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಪಕ್ಕದಲ್ಲೇ ಹೋಗುವುದು ಸುಲಭ.

ರೋಟರಿ ಕಟರ್

1979ರಲ್ಲಿ ಜಪಾನಿನ ಓಲ್ಫಾ ಕಂಪನಿ ತಂದ ಈ ಗಾಲಿ ಚಾಕು ತುಂಡು ಬಟ್ಟೆ ಕತ್ತರಿಸುವವರಿಗೆ ಅಚ್ಚುಮೆಚ್ಚು. ಅದಕ್ಕೇ ವ್ಯಾಡಿಂಗ್‌ಗೂ ಅದನ್ನೇ ಎತ್ತಿಕೊಳ್ಳುತ್ತಾರೆ. ಉಬ್ಬಿದ ವ್ಯಾಡಿಂಗ್‌ಗೆ ನಮ್ಮ ಸಲಹೆ: ಬೇಡ.

ಕಾರಣ ಎರಡು. ಸ್ಕೇಲಿನಡಿ ಒತ್ತಿದಾಗ ಹಾಳೆ ಚಪ್ಪಟೆಯಾಗಿ ಪಕ್ಕಕ್ಕೆ ಜರುಗುತ್ತದೆ, ಕೈ ಬಿಟ್ಟ ಕೂಡಲೇ ಉಬ್ಬಿ ಅಂಚು ವಾಲುತ್ತದೆ. ಎರಡನೆಯದು ಕಟರ್‌ನ ಅಡಿಗೆ ಹಾಸುವ ಮ್ಯಾಟ್‌ಗೆ ಆಗುವ ನಷ್ಟ. ಬ್ಲೇಡು ನಾರನ್ನು ಕಡಿಯುವ ಜೊತೆಗೆ ಮ್ಯಾಟ್‌ನ ಗೀರಿನೊಳಗೆ ತುರುಕುತ್ತದೆ. ನಾರು ತುಂಬಿದ ಗೀರು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ರಬ್ಬರಿನಿಂದ ಉಜ್ಜಿದರೆ ಮೇಲಿನದು ಎದ್ದುಬರುತ್ತದೆ, ಆಳದ್ದು ಅಲ್ಲೇ ಉಳಿಯುತ್ತದೆ. ವ್ಯಾಡಿಂಗ್‌ಗೆಂದು ಹಳೆಯ ಮ್ಯಾಟ್ ಒಂದನ್ನು ಬೇರೆ ಇಟ್ಟುಕೊಳ್ಳುವವರು ಜಾಣರು.

2–3 ಮಿ.ಮೀ. ದಪ್ಪದ, ಸೂಜಿಯಿಂದ ಬಡಿದು ಮಾಡಿದ ಹತ್ತಿ ಹಾಳೆಯಾದರೆ ಮಾತು ಬೇರೆ. ಅದಕ್ಕೆ 45 ಮಿ.ಮೀ. ಬ್ಲೇಡು ಸಾಕು, 60 ಮಿ.ಮೀ. ಆದರೆ ಕೆಲಸ ಇನ್ನೂ ಸಲೀಸು. 28 ಮಿ.ಮೀ. ಕೊಳ್ಳುವುದೇ ಬೇಡ. ಸಮ ಅಂತರದಲ್ಲಿ ಅಲ್ಲಲ್ಲಿ ನಾರು ಕಡಿಯದೆ ಬಿಟ್ಟುಹೋಗುತ್ತಿದ್ದರೆ ಬ್ಲೇಡಿನ ಅಂಚು ಗುಂಡುಸೂಜಿ ತಾಗಿ ಮುಕ್ಕಾಗಿದೆ ಎಂದರ್ಥ. ಉದ್ದಕ್ಕೂ ಬಿಡುತ್ತಿದ್ದರೆ ಮೊದಲು ಬ್ಲೇಡು ಬಿಚ್ಚಿ ಹಿಂದಿನ ನಾರು ಒರೆಸಿ ನೋಡಿ. ಎಷ್ಟೋ ಸಲ ಹೊಸ ಬ್ಲೇಡು ಬೇಕಾಗಿರುವುದಿಲ್ಲ.

ಮುರಿದು ಬಳಸುವ 18 ಮಿ.ಮೀ. ಪೇಪರ್ ಕಟರ್ ಗಟ್ಟಿ ಫೋಮ್‌ಗೆ ಒಳ್ಳೆಯದು, ವ್ಯಾಡಿಂಗ್ ಅನ್ನು ಕೀಳುತ್ತದೆ. ವಿದ್ಯುತ್ ಕತ್ತರಿ ಒಂದು ಕೌದಿಗೆ ದಂಡ. ಹತ್ತಾರು ಹಾಳೆ ಒಟ್ಟಿಗೆ ಕಡಿಯುವ ಗಾರ್ಮೆಂಟ್ಸ್‌ಗೆ ಅದು ಸರಿ. ಬಿಸಿ ಚಾಕುವಿನಿಂದ ಪಾಲಿಯೆಸ್ಟರ್ ಕರಗಿ ಅಂಚು ಗಡುಸಾಗುತ್ತದೆ, ಹೊದ್ದಾಗ ಚುಚ್ಚುತ್ತದೆ.

ಲೆಕ್ಕ ಮತ್ತು ಜೋಡಣೆ

ಹೊಲಿಯುತ್ತ ಹೋದಂತೆ ವ್ಯಾಡಿಂಗ್ ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕಾಗಿ ನಾಲ್ಕೂ ಕಡೆ 3 ಇಂಚು ಹೆಚ್ಚು, ಅಂದರೆ 66 × 96. ಪನ್ನ 60 ಇದ್ದರೂ ಎರಡೂ ಅಂಚಿನ ಒಂದೊಂದು ಇಂಚು ತೆಳುವಾಗಿರುವುದರಿಂದ ಬಳಕೆಗೆ ಸಿಗುವುದು 58. ಉಳಿದ 8 ಇಂಚಿಗೆ ಪಟ್ಟಿ ಕೂಡಿಸಬೇಕು. ಜೋಡಣೆಯಲ್ಲಿ ಒಂದಿಂಚು ಹೋಗುತ್ತದೆ, ಆದ್ದರಿಂದ ಪಟ್ಟಿ 9 ಇಂಚು. 96 ಇಂಚಿನ ಮುಖ್ಯ ತುಂಡು, ಪನ್ನಕ್ಕೆ ಅಡ್ಡಲಾಗಿ 9 ಇಂಚಿನ ಎರಡು ಪಟ್ಟಿ, ಒಟ್ಟು 114 ಇಂಚು. ಅಂಗಡಿಯಲ್ಲಿ 3 ಮೀಟರ್ ಕೇಳಿದರೆ 4 ಇಂಚು ಕೈಯಲ್ಲಿ ಉಳಿಯುತ್ತದೆ.

ಸುರುಳಿ ಬಿಚ್ಚಿ ಒಂದು ರಾತ್ರಿ ಹಾಸಿ ಬಿಡಿ, ಮಡಿಕೆ ಏಳಬೇಕು. ಇಸ್ತ್ರಿ ಪೆಟ್ಟಿಗೆ ಹತ್ತಿರ ತರಬೇಡಿ. ಮೊದಲು ಎರಡು ಪಟ್ಟಿಗಳನ್ನು ತುದಿಗೆ ತುದಿ ಸೇರಿಸಿ ಉದ್ದ ಮಾಡಿಕೊಳ್ಳಿ. ಆಮೇಲೆ ಅದನ್ನು ಮುಖ್ಯ ಹಾಳೆಯ ಮೇಲೆ ಒಂದಿಂಚು ಏರಿಸಿ, ಎರಡೂ ಪದರಗಳನ್ನು ಒಟ್ಟಿಗೆ ಕತ್ತರಿಯಿಂದ ಸಣ್ಣ ಅಲೆಯಂತೆ ಕಡಿಯಿರಿ. ಎರಡೂ ಅಂಚು ಒಂದಕ್ಕೊಂದು ಸರಿಯಾಗಿ ಕೂರುತ್ತವೆ, ಅಲೆಯ ಗೆರೆ ಮೇಲೆ ಎದ್ದು ಕಾಣುವುದೂ ಇಲ್ಲ. ಕಡಿದ ಪಟ್ಟಿಯ ಚೂರುಗಳನ್ನು ತೆಗೆದು, ಅಂಚಿಗೆ ಅಂಚು ತಾಗಿಸಿ 5 ಮಿ.ಮೀ. ಅಗಲ, 3 ಮಿ.ಮೀ. ಉದ್ದದ ಜಿಗ್‌ಜಾಗ್ ಹಾಕಿ. ಮಷೀನಿನ ಪಾದದ ಒತ್ತಡ ಇಳಿಸದಿದ್ದರೆ ಹಾಳೆ ಹಿಗ್ಗಿ ಅಂಚು ನೆರಿಗೆಯಾಗುತ್ತದೆ. ಒಂದರ ಮೇಲೊಂದು ಏರಿಸಿಯೇ ಹೊಲಿದುಬಿಟ್ಟರೆ ಆ ಗೆರೆಯುದ್ದಕ್ಕೂ ದಪ್ಪ ಏಣು ನಿಲ್ಲುತ್ತದೆ.

ಮುಂದಿನದು

ಮೂರು ಪದರ ಹಾಸಿ 4 ಇಂಚಿಗೊಂದು ಪಿನ್ನು, ನಡುವಿನಿಂದ ಹೊರಕ್ಕೆ ಹೊಲಿಗೆ. ಅಂಚು ಚೌಕ ಮಾಡುವಾಗ ರೋಟರಿ ಕಟರ್ ಹೊರಗೆ ಬರುತ್ತದೆ. ಅಷ್ಟರಲ್ಲಿ ಅಂಚಿನುದ್ದಕ್ಕೂ ಕಾಲು ಇಂಚು ಒಳಗೆ ಒಂದು ಸುತ್ತು ಹೊಲಿಗೆ ಬಿದ್ದು ವ್ಯಾಡಿಂಗ್ ಅದುಮಿಕೊಂಡಿರುತ್ತದೆ, ಸ್ಕೇಲಿನಡಿ ಜರುಗುವುದಿಲ್ಲ. ಆ ಕೆಲಸಕ್ಕೆ 60 ಮಿ.ಮೀ.ನ ಹೊಸ ಬ್ಲೇಡು ಕೊಳ್ಳಬೇಕಾದವುಗಳ ಪಟ್ಟಿಯಲ್ಲಿದೆ.