ಗೋಡೆಗೆ ಅಂಟಿದ ಮೇಲೆ ಮಾರುವ ಮಾತಿಲ್ಲ

ದುಬಾರಿ ಸಾಮಾನುಗಳಲ್ಲಿ ಮತ್ತೆ ಮಾರೋಕೆ ಬಾರದ್ದು ಯಾವುದು? ಕೈಗಡಿಯಾರ ಮಾರಬಹುದು. ಬ್ಯಾಗ್ ಮಾರಬಹುದು, ಡಬ್ಬಿ ಮತ್ತು ಬಿಲ್ ಜೋಪಾನವಾಗಿದ್ದರೆ ಇನ್ನೂ ಜಾಸ್ತಿಗೆ. ಸ್ನೀಕರ್ಸ್ ಕಾಲಿಗೆ ಹಾಕದೆ ಇಟ್ಟರೆ ಅವೂ ಹೋಗುತ್ತವೆ. ವಾಲ್‌ಪೇಪರ್ ಮಾತ್ರ ಹಾಗಲ್ಲ. ಅಂಟು ಹಚ್ಚಿ ಗೋಡೆಗೆ ಒತ್ತಿದರೆ ಮುಗಿಯಿತು, ಮಾರುಕಟ್ಟೆಯಲ್ಲಿ ಅದರ ಬೆಲೆ ಸೊನ್ನೆ. ಎಷ್ಟೇ ದೊಡ್ಡ ಹೆಸರಿನವರು ವಿನ್ಯಾಸ ಮಾಡಿರಲಿ, ಎಷ್ಟೇ ಕಡಿಮೆ ರೋಲ್ ಮುದ್ರಿಸಿರಲಿ.

ನಾನು ಮನೆಗಳ ಒಳಾಂಗಣ ವಿನ್ಯಾಸ ಮಾಡುವವಳು. ಬಣ್ಣ, ಬಟ್ಟೆ, ದೀಪ, ಮರ ಎಲ್ಲವನ್ನೂ ನೋಡಬೇಕಾಗುತ್ತದೆ. ಆದರೆ ಸುಮ್ನೆ ಕೂತಾಗ ಕೈ ಹೋಗುವುದು ವಾಲ್‌ಪೇಪರ್ ಸ್ಯಾಂಪಲ್ ಪುಸ್ತಕಗಳ ಕಡೆಗೆ. ಅದಕ್ಕೆ ಕಾರಣ ಈ ಸೊನ್ನೆಯೇ. ಇಷ್ಟು ದುಡ್ಡು ಕೊಟ್ಟು, ಮುಂದೆ ಒಂದು ಕಾಸೂ ವಾಪಸ್ ಬರುವುದಿಲ್ಲ ಎಂದು ಗೊತ್ತಿದ್ದೂ ಕೊಳ್ಳುತ್ತಾರೆ ಅಂದರೆ, ಅವರು ಅದನ್ನು ನೋಡೋದಕ್ಕೇ ಕೊಂಡಿದ್ದಾರೆ ಅಂತ ಅರ್ಥ. ಅಂಥವರ ಜೊತೆ ಕೆಲಸ ಮಾಡುವುದು ಸುಲಭ.

ಎಲ್ಲರೂ ಅಂಥವರಲ್ಲ ಬಿಡಿ. ನನ್ನ ಗ್ರಾಹಕರೊಬ್ಬರಿಗೆ ಲಿಮಿಟೆಡ್ ಎಡಿಷನ್ ಹುಚ್ಚು. ಅವರ ಕೋಣೆಗೆ ಗಾಜಿನ ಕಪಾಟು ಮಾಡಿಸಿದ್ದು ನಾನೇ. ಒಳಗೆ ನಂಬರ್ ಹಾಕಿದ ಪಿಂಗಾಣಿ ತಟ್ಟೆಗಳು, ಯಾವುದೋ ಕಲಾವಿದರ ಜೊತೆ ಸೇರಿ ಕಂಪನಿಗಳು ತಂದ ಬ್ಯಾಗ್‌ಗಳು, ಬೆಂಕಿ ಕಾಣದ ಮೇಣದಬತ್ತಿಗಳು. ಒಮ್ಮೆ ಅವರು ಇಂಥದ್ದೇ ಒಂದು ಸೀಮಿತ ಸರಣಿಯ ವಾಲ್‌ಪೇಪರ್ ತರಿಸಿದರು. ಗಟ್ಟಿ ರಟ್ಟಿನ ಕೊಳವೆಗಳು, ಮೇಲೆ ವಿನ್ಯಾಸಕರ ಸಹಿ, ಜೊತೆಗೆ ನಂಬರ್ ಇರುವ ಪ್ರಮಾಣಪತ್ರ. ಕಡುನೀಲಿ ಹಿನ್ನೆಲೆಯಲ್ಲಿ ಬೆಳ್ಳಿ ಬಣ್ಣದ ಕೊಕ್ಕರೆಗಳು. ಅವರು ಕೂತು ಓದುವ ಮೂಲೆಗೆ ಹೇಳಿ ಮಾಡಿಸಿದಂತಿತ್ತು. ಅಂಟಿಸುವವರು ಬಂದರು. ಟೇಬಲ್ ಹಾಕಿದರು. ತೂಗುಗುಂಡು ಇಳಿಬಿಟ್ಟು ಗೋಡೆಯ ಮೇಲೆ ನೇರ ಗೆರೆ ಎಳೆದರು. ಆಗ ಇವರು ಕೊಳವೆಯನ್ನು ಎದೆಗೆ ಅವಚಿಕೊಂಡು, "ಸೀಲ್ ಒಡೆದರೆ ಇದರ ಬೆಲೆ ಬಿದ್ದುಹೋಗುತ್ತದೆ, ಅಲ್ವಾ?" ಎಂದರು.

ಬೀಳುತ್ತದೆ. ಹಾಗೆಯೇ ಹೇಳಿದೆ. ಕೊಳವೆಯೊಳಗೆ ಸುತ್ತಿಟ್ಟ ಕೊಕ್ಕರೆ ಇದ್ದರೆಷ್ಟು ಬಿಟ್ಟರೆಷ್ಟು ಎಂದೂ ಹೇಳಿದೆ. ಕೇಳಲಿಲ್ಲ. ಆ ಗೋಡೆಗೆ ಸಾದಾ ನೀಲಿ ಬಣ್ಣ ಬಳಿಸಿದೆವು, ಕೊಳವೆಗಳು ಕಪಾಟು ಸೇರಿದವು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಆ ನಂಬರ್ ಮೇಲೆ. ನಂಬರ್ ಹಾಕುವುದು ಅಚ್ಚಿನ ಚಿತ್ರ ಮಾಡುವ ಕಲಾವಿದರಲ್ಲಿ ಹಳೆಯ ರೂಢಿ. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 12/50 ಎಂದು ಬರೆದಿದ್ದರೆ, ಐವತ್ತರಲ್ಲಿ ಅದು ಹನ್ನೆರಡನೆಯದು. ಕೆಲವು ವಿಧಾನಗಳಲ್ಲಿ ಈ ಮಿತಿಗೆ ನಿಜವಾದ ಕಾರಣವೂ ಇರುತ್ತದೆ. ಡ್ರೈಪಾಯಿಂಟ್ ನೋಡಿ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರುತ್ತಾರೆ. ಗೀರಿನ ಅಂಚಿನಲ್ಲಿ ಲೋಹ ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಶಾಯಿ ಹಿಡಿಯುವುದು ಆ ಅಂಚೇ, ಅದರಿಂದಲೇ ಗೆರೆ ಮಖಮಲ್ಲಿನಂತೆ ಮೆತ್ತಗೆ ಕಾಣುತ್ತದೆ. ಆದರೆ ಪ್ರತಿ ಸಲ ಪ್ರೆಸ್ಸಿನಡಿ ಹೋದಾಗಲೂ ಅಂಚು ಚೂರು ಚೂರೇ ಚಪ್ಪಟೆಯಾಗುತ್ತದೆ. ಹತ್ತಾರು ಪ್ರತಿ ತೆಗೆಯುವಷ್ಟರಲ್ಲಿ ಗೆರೆ ಬಡವಾಗುತ್ತದೆ. ಬೇಕೆಂದರೂ ಜಾಸ್ತಿ ತೆಗೆಯೋಕೆ ಆಗುವುದಿಲ್ಲ. ಸರಣಿ ಮುಗಿದ ಮೇಲೆ ತಗಡಿಗೆ ಅಡ್ಡ ಗೀರು ಹಾಕಿ ಕೆಡಿಸಿಬಿಡುವವರೂ ಇದ್ದಾರೆ. ಮುಂದೆ ಯಾರೂ ಕದ್ದು ಅಚ್ಚು ಹಾಕದಿರಲಿ ಎಂದು.

ಬ್ಯಾಗಿನ ಕಾರ್ಖಾನೆಯಲ್ಲಿ ಯಾವ ತಗಡೂ ಸವೆಯುವುದಿಲ್ಲ. ಅಲ್ಲಿ ಮಿತಿ ಎನ್ನುವುದು ಮೀಟಿಂಗ್‌ನಲ್ಲಿ ಆಗುವ ತೀರ್ಮಾನ. ತೀರ್ಮಾನ ಬದಲಿಸಲೂಬಹುದು. ಲೂಯಿ ವಿಟಾನ್ ಕಂಪನಿ 2003ರಲ್ಲಿ ಜಪಾನಿನ ಕಲಾವಿದ ತಕಾಶಿ ಮುರಾಕಾಮಿ ಜೊತೆ ಬಣ್ಣಬಣ್ಣದ ಮೊನೊಗ್ರಾಮ್, ಅಂದರೆ ಕಂಪನಿಯ ಹೆಸರಿನ ಅಕ್ಷರಗಳ ಗುರುತು, ಇರುವ ಬ್ಯಾಗ್‌ಗಳನ್ನು ತಂದಿತು. 2015ರಲ್ಲಿ ಅವು ನಿಂತವು. ಇನ್ನು ಸಿಗುವುದಿಲ್ಲ ಎಂದು ಹಳೆಯವನ್ನೇ ಹುಡುಕಿ ಕೊಂಡವರು ಎಷ್ಟೋ ಜನ. 2025ರಲ್ಲಿ ಅದೇ ಕಂಪನಿ, ಅದೇ ಕಲಾವಿದ, ಮತ್ತೆ ಹೊಸ ಸರಣಿ! ಇದರಲ್ಲಿ ಮೋಸವೇನೂ ಇಲ್ಲ. ಮತ್ತೆಂದೂ ಮಾಡುವುದಿಲ್ಲ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಕೊಂಡವರು ತಾವೇ ಹಾಗೆ ನಂಬಿಕೊಂಡಿದ್ದರು.

ದುಬಾರಿ ಉಡುಪು ಮಾಡುವ ಬ್ರಿಟನ್ನಿನ ಬರ್ಬರಿ ಕಂಪನಿಯ ಕಥೆ ಇನ್ನೊಂದು ಥರ. ಮಾರಾಟವಾಗದೆ ಉಳಿದ 2.86 ಕೋಟಿ ಪೌಂಡ್ ಬೆಲೆಯ ಸರಕನ್ನು ಒಂದೇ ವರ್ಷದಲ್ಲಿ ನಾಶಮಾಡಿದ್ದು 2018ರಲ್ಲಿ ಅದರದೇ ವಾರ್ಷಿಕ ವರದಿಯಿಂದ ಹೊರಬಂತು. ಜನ ತರಾಟೆಗೆ ತೆಗೆದುಕೊಂಡ ಮೇಲೆ ಆ ರೂಢಿ ನಿಲ್ಲಿಸುವುದಾಗಿ ಹೇಳಿತು. ಫ್ರಾನ್ಸ್ 2020ರಲ್ಲಿ ಕಾನೂನನ್ನೇ ತಂದು, ಉಳಿದ ಸರಕನ್ನು ಹೀಗೆ ನಾಶಮಾಡುವುದಕ್ಕೆ ತಡೆ ಹಾಕಿತು. ಅಪರೂಪ ಅನ್ನಿಸಿಕೊಳ್ಳೋಕೆ ಸುಡುವ ಮಟ್ಟಕ್ಕೆ ಹೋಗಬೇಕಾದರೆ, ಆ ಸರಕು ಅಪರೂಪದ್ದು ಹೇಗಾಗುತ್ತದೆ ಎಂಬುದು ನನಗಂತೂ ತಿಳಿಯುವುದಿಲ್ಲ.

ಕಾಗದಕ್ಕೆ ವಾಪಸ್ ಬರೋಣ. ಫ್ರಾನ್ಸಿನ ಆಲ್ಸಾಸ್ ಪ್ರದೇಶದ ರಿಕ್ಸೈಮ್ ಎಂಬ ಊರಿನಲ್ಲಿ ಝ್ಯೂಬೆರ್ ಎಂಬ ಕಾರ್ಖಾನೆ ಇದೆ. 1797ರಿಂದ ಇದೆ. ಮರದಲ್ಲಿ ಕೆತ್ತಿದ ಅಚ್ಚುಗಳಿಂದ ಇವತ್ತಿಗೂ ಕೈಯಲ್ಲೇ ಮುದ್ರಿಸುತ್ತಾರೆ. ಒಂದು ಅಚ್ಚಿಗೆ ಒಂದೇ ಬಣ್ಣ. ಒಂದು ಬಣ್ಣ ಒಣಗಿದ ಮೇಲೆಯೇ ಇನ್ನೊಂದು. ಅವರು 1834ರಲ್ಲಿ ಉತ್ತರ ಅಮೆರಿಕದ ನೋಟಗಳು ಎಂಬ ಒಂದು ದೊಡ್ಡ ದೃಶ್ಯಾವಳಿ ಮಾಡಿದರು. ಕೋಣೆಯ ನಾಲ್ಕೂ ಗೋಡೆ ಸುತ್ತಿ ಬರುವ ಒಂದೇ ಚಿತ್ರ. ಬಾಸ್ಟನ್ ಬಂದರು, ನ್ಯೂಯಾರ್ಕ್ ಕೊಲ್ಲಿ, ನಯಾಗರ ಜಲಪಾತ ಎಲ್ಲ ಒಂದರ ಪಕ್ಕ ಒಂದು. ಮೂವತ್ತೆರಡು ಪಟ್ಟಿಗಳು, 223 ಬಣ್ಣ, 1,690 ಅಚ್ಚು. ಈ ಲೆಕ್ಕ ಓದುವಾಗೆಲ್ಲ ನನಗೆ ಅಚ್ಚುಗಳನ್ನು ಜೋಡಿಸಿಟ್ಟುಕೊಳ್ಳುವ ಮನುಷ್ಯನ ನೆನಪಾಗುತ್ತದೆ. 1,214ನೇ ಅಚ್ಚು ತಪ್ಪಾದ ಕಪಾಟಿಗೆ ಹೋದರೆ ಏನು ಗತಿ!

ಇದೇ ಕಾಗದ ನನ್ನ ಸೊನ್ನೆಯ ಮಾತನ್ನು ಸುಳ್ಳು ಮಾಡಿದ್ದೂ ಉಂಟು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹಳೆಯ ಮನೆಯೊಂದನ್ನು ಕೆಡವುವುದಿತ್ತು. ಗೋಡೆಯ ಮೇಲೆ ಈ ದೃಶ್ಯಾವಳಿ ಇತ್ತು. ಕೆಡವುವ ಮುಂಚೆ ಅದನ್ನು ಬಿಡಿಸಿ ತೆಗೆದರು. 1961ರಲ್ಲಿ ಜಾಕ್ವೆಲಿನ್ ಕೆನಡಿ ಶ್ವೇತಭವನವನ್ನು ಹೊಸದಾಗಿ ಸಜ್ಜುಗೊಳಿಸುವಾಗ ಅದು ಅಲ್ಲಿನ ಡಿಪ್ಲೊಮ್ಯಾಟಿಕ್ ರಿಸೆಪ್ಷನ್ ರೂಮಿನ ಗೋಡೆ ಏರಿತು. ಈಗಲೂ ಅಲ್ಲೇ ಇದೆ. ತಮಾಷೆ ಎಂದರೆ, ಆ ದೃಶ್ಯಾವಳಿಯನ್ನು ಝ್ಯೂಬೆರ್ ಇವತ್ತಿಗೂ ಮುದ್ರಿಸುತ್ತದೆ. ಆರ್ಡರ್ ಕೊಟ್ಟು ಕಾಯುವ ತಾಳ್ಮೆ ಮತ್ತು ದುಡ್ಡು ಇದ್ದರೆ ನೀವೂ ತರಿಸಬಹುದು. ಅದಕ್ಕೆ ಯಾವ ನಂಬರೂ ಇಲ್ಲ. ಕಡಿಮೆ ಸಿಗುವುದು ಯಾಕೆಂದರೆ ಮಾಡೋದು ಕಷ್ಟ, ಅಷ್ಟೇ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ವಿನ್ಯಾಸಕ ವಿಲಿಯಂ ಮಾರಿಸ್ ಅವರ ವಿನ್ಯಾಸಗಳು ಇದಕ್ಕೆ ಪೂರ್ತಿ ವಿರುದ್ಧ. ಅವರ ವಿಲೋ ಬೋ, ಅಂದರೆ ವಿಲೋ ಮರದ ಎಲೆಗಳ ವಿನ್ಯಾಸ, 1887ರದ್ದು. ಈಗ ಯಾರು ಬೇಕಾದರೂ ಕೊಳ್ಳಬಹುದು. ಕೆಲವರು ನನ್ನ ಹತ್ತಿರ, "ಅದು ಎಲ್ಲರ ಮನೆಯಲ್ಲೂ ಇರುತ್ತದೆ, ಬೇಡ" ಎನ್ನುತ್ತಾರೆ. ನಾನು ಅವರ ಕೋಣೆಯಲ್ಲೇ ದೊಡ್ಡ ಸ್ಯಾಂಪಲ್ ಒಂದನ್ನು ಟೇಪ್ ಹಾಕಿ ಅಂಟಿಸಿ ಬಂದುಬಿಡುತ್ತೇನೆ. ಬೆಳಗಿನ ಬೆಳಕಿನಲ್ಲಿ, ಸಂಜೆ ದೀಪದಲ್ಲಿ ಅವರೇ ನೋಡಲಿ. ವಾರ ಕಳೆದ ಮೇಲೆ ಬೇಡ ಎಂದವರು ಕಡಿಮೆ. ಹಾಗೆಂದು ಹಳೆಯದೆಲ್ಲ ಚಿನ್ನ ಎಂದುಕೊಳ್ಳಬೇಡಿ. ಆ ಕಾಲದ ಎದ್ದು ಕಾಣುವ ಹಸಿರಿನಲ್ಲಿ ಆರ್ಸೆನಿಕ್ ಇರುತ್ತಿತ್ತು. ಕಾರ್ಲ್ ಶೀಲೆ ಎಂಬ ರಸಾಯನ ವಿಜ್ಞಾನಿ ಹದಿನೆಂಟನೇ ಶತಮಾನದಲ್ಲಿ ಕಂಡುಹಿಡಿದ ಹಸಿರು ಅದು, ತಾಮ್ರ ಮತ್ತು ಆರ್ಸೆನಿಕ್ ಸೇರಿದ್ದು. ಮಾರಿಸ್ ಅವರ ಮೊದಮೊದಲ ಕಾಗದಗಳಲ್ಲೂ ಅದು ಸಿಕ್ಕಿದೆ. ಅವರ ಕುಟುಂಬಕ್ಕೆ ದುಡ್ಡು ಬಂದದ್ದು ಡೆವನ್ ಗ್ರೇಟ್ ಕನ್ಸಾಲ್ಸ್ ಎಂಬ ಗಣಿಯ ಷೇರುಗಳಿಂದ. ಅಲ್ಲಿ ತಾಮ್ರದ ಜೊತೆ ತೆಗೆಯುತ್ತಿದ್ದದ್ದೂ ಆರ್ಸೆನಿಕ್ಕೇ. ಆದ್ದರಿಂದ ವಿಕ್ಟೋರಿಯಾ ಕಾಲದ ಅಸಲಿ ಹಸಿರು ತುಂಡು ಸಿಕ್ಕಿದೆ ಎಂದು ಯಾರಾದರೂ ಕೊಟ್ಟರೆ ಬರಿಗೈಯಲ್ಲಿ ಉಜ್ಜಿ ನೋಡಬೇಡಿ.

ಅಮೆರಿಕದ ಪಾಪ್ ಕಲಾವಿದ ಆ್ಯಂಡಿ ವಾರ್ಹಾಲ್ 1966ರಲ್ಲಿ ನ್ಯೂಯಾರ್ಕ್‌ನ ಲಿಯೋ ಕ್ಯಾಸ್ಟೆಲಿ ಗ್ಯಾಲರಿಯ ಗೋಡೆಗೆ ಹಸುವಿನ ಮುಖದ ವಾಲ್‌ಪೇಪರ್ ಅಂಟಿಸಿದ್ದರು. ಹಳದಿ ಮೇಲೆ ಗುಲಾಬಿ ಹಸು, ಮತ್ತೆ ಹಸು, ಮತ್ತೆ ಹಸು. ಒಂದೇ ಒಂದು ಎಂಬ ಹೆಮ್ಮೆಯ ಮೇಲೆ ನಿಂತ ಕಲಾಲೋಕದೊಳಗೆ ರೋಲ್ ಲೆಕ್ಕದ ಕಾಗದ! ನನಗೆ ಆ ಹಸು ಇಷ್ಟವಿಲ್ಲ, ಆ ತುಂಟತನ ಇಷ್ಟ.

ಈಗ ನನ್ನ ದಿನದ ಕೆಲಸದಲ್ಲಿ ಬರುವ ಮಿತಿಯ ವಿಷಯ. ಅದು ಬ್ಯಾಚ್ ನಂಬರ್. ಪ್ರತಿ ರೋಲ್‌ನ ಲೇಬಲ್ ಮೇಲೆ ಇರುತ್ತದೆ, ಯಾರೂ ಓದುವುದಿಲ್ಲ. ಒಂದೇ ಸಲ ಕಲಸಿದ ಬಣ್ಣದಿಂದ ಒಂದೇ ಓಟದಲ್ಲಿ ಮುದ್ರಿಸಿದ ರೋಲ್‌ಗಳಿಗೆಲ್ಲ ಒಂದೇ ಬ್ಯಾಚ್. ಮುಂದಿನ ಓಟದಲ್ಲಿ ಅದೇ ಬಣ್ಣ ಕೂದಲೆಳೆಯಷ್ಟು ಬೇರೆಯಾಗಿರಬಹುದು. ರೋಲ್ ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ. ಎರಡು ಪಟ್ಟಿ ಅಕ್ಕಪಕ್ಕ ಗೋಡೆಯ ಮೇಲೆ ಬಂದಾಗ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಬೇಕಾದಷ್ಟನ್ನೂ, ಅದಕ್ಕಿಂತ ಒಂದು ರೋಲ್ ಜಾಸ್ತಿಯನ್ನೂ ಒಂದೇ ಸಲ ತರಿಸಬೇಕು. ಸೀಮಿತ ಸರಣಿಯಾದರೆ ಎರಡು ಜಾಸ್ತಿ ಎನ್ನುತ್ತೇನೆ. ಆಮೇಲೆ ಪೈಪ್ ಒಡೆದು ಮೂಲೆ ಒದ್ದೆಯಾದರೆ ಯಾರ ಹತ್ತಿರ ಹೋಗುತ್ತೀರಿ?

ಲೆಕ್ಕ ಹಾಕುವಾಗ ರಿಪೀಟ್ ನೋಡಿ. ವಿನ್ಯಾಸ ಎಷ್ಟು ಅಂತರಕ್ಕೊಮ್ಮೆ ಮರುಕಳಿಸುತ್ತದೆ ಎಂಬ ಅಳತೆ ಅದು. ಯುರೋಪಿನ ಸಾಮಾನ್ಯ ರೋಲ್ 53 ಸೆಂಟಿಮೀಟರ್ ಅಗಲ, 10.05 ಮೀಟರ್ ಉದ್ದ. ಗೋಡೆ ಮೂರು ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಮೇಲೆ ಕೆಳಗೆ ಕತ್ತರಿಸೋಕೆ ಹತ್ತು ಸೆಂಟಿಮೀಟರ್ ಸೇರಿಸಿದರೆ ಪಟ್ಟಿ 3.1 ಮೀಟರ್. ಸಾದಾ ಕಾಗದವಾದರೆ ಒಂದು ರೋಲ್‌ನಲ್ಲಿ ಮೂರು ಪಟ್ಟಿ. ರಿಪೀಟ್ 76 ಸೆಂಟಿಮೀಟರ್ ಇದ್ದರೆ? ಪ್ರತಿ ಪಟ್ಟಿಯೂ ವಿನ್ಯಾಸದ ಒಂದೇ ಜಾಗದಿಂದ ಶುರುವಾಗಬೇಕು. ಎರಡನೆಯದು ಶುರುವಾಗುವುದು 3.8 ಮೀಟರ್‌ಗೆ, ಮೂರನೆಯದು 7.6ಕ್ಕೆ. ಅಲ್ಲಿಂದ ಉಳಿದದ್ದು 2.45 ಮೀಟರ್ ಮಾತ್ರ. ಮೂರು ಪಟ್ಟಿಯ ರೋಲ್ ಎರಡೇ ಪಟ್ಟಿ ಕೊಡುತ್ತದೆ. ಎಂಟು ಪಟ್ಟಿಯ ಗೋಡೆಗೆ ಮೂರು ರೋಲ್ ಬದಲು ನಾಲ್ಕು. ಹೊಟ್ಟೆ ಉರಿಯುವುದು ಎಲ್ಲಿ ಅಂದರೆ, ಎರಡನೇ ಪಟ್ಟಿ ಕತ್ತರಿಸಿದ ಮೇಲೂ ಕೈಯಲ್ಲಿ 3.15 ಮೀಟರ್ ಉಳಿದಿರುತ್ತದೆ. ಉದ್ದ ಸಾಕು. ಹೂವು ಮಾತ್ರ ತಪ್ಪಾದ ಜಾಗದಲ್ಲಿರುತ್ತದೆ.

ಮೊದಲು ಮೂರು ಪಟ್ಟಿ ಅಂಟಿಸಿ, ನಿಲ್ಲಿಸಿ, ದೂರದಿಂದ ನೋಡಿ. ಬಣ್ಣದಲ್ಲಿ, ಅಚ್ಚಿನಲ್ಲಿ ದೋಷವಿದ್ದರೆ ಆಗಲೇ ಹೇಳಬೇಕು. ಅದಕ್ಕಿಂತ ಜಾಸ್ತಿ ಅಂಟಿಸಿದ ಮೇಲೆ ದೂರು ಒಪ್ಪುವುದಿಲ್ಲ ಎಂದು ಬಹಳಷ್ಟು ಕಂಪನಿಗಳು ಲೇಬಲ್ ಮೇಲೇ ಬರೆದಿರುತ್ತವೆ. ಇನ್ನು ಲಿಮಿಟೆಡ್ ಎಡಿಷನ್ ಎಂದು ಮಾರುವವರನ್ನು ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಒಟ್ಟು ಎಷ್ಟು ಮಾಡಿದ್ದೀರಿ? ಇದೇ ವಿನ್ಯಾಸ ಬೇರೆ ಬಣ್ಣದಲ್ಲಿ ಮುಂದೆ ಬರುತ್ತದಾ? ಮೊದಲನೆಯದಕ್ಕೆ ಅಂಕಿ ಸಿಗದಿದ್ದರೆ ಅದನ್ನು ಮಾಮೂಲಿ ಕಾಗದ ಎಂದುಕೊಂಡೇ ಇಷ್ಟವಾಯಿತೋ ಇಲ್ಲವೋ ನೋಡುತ್ತೇನೆ.

ಕೆಲವರು ಗೋಡೆಗೆ ಅಂಟಿಸುವ ಬದಲು ಕ್ಯಾನ್ವಾಸ್ ಮೇಲೆ ಕೂರಿಸಿ, ಚೌಕಟ್ಟು ಹಾಕಿಸಿ ಎನ್ನುತ್ತಾರೆ. ಮನೆ ಬದಲಿಸುವಾಗ ಒಯ್ಯಬಹುದಲ್ಲ ಎಂದು. ಬಾಡಿಗೆ ಮನೆಯಾದರೆ ಸರಿ. ಕೈಯಲ್ಲಿ ಚಿತ್ರ ಬರೆದ ರೇಷ್ಮೆ ಕಾಗದವಾದರೂ ಸರಿ. ಉಳಿದಂತೆ ನೇರವಾಗಿ ಗೋಡೆಗೇ ಅಂಟಿಸಿ. ದುಬಾರಿ ಕಾಗದವಾದರೆ ಅದರಡಿಗೆ ಮೊದಲು ಲೈನಿಂಗ್ ಪೇಪರ್, ಅಂದರೆ ಸಾದಾ ಅಡಿಕಾಗದ, ಹಾಕಿಸಿ, ಅದನ್ನೂ ಅಡ್ಡಡ್ಡ ಹಾಕಿಸಿ. ಉದ್ದುದ್ದ ಹಾಕಿದರೆ ಕೆಳಗಿನ ಸೀಮ್ (ಎರಡು ಪಟ್ಟಿ ಕೂಡುವ ಗೆರೆ) ಮೇಲೆಯೇ ಮೇಲಿನ ಸೀಮ್ ಬಂದು ಕೂತು, ಒಣಗುವಾಗ ಎರಡೂ ಒಟ್ಟಿಗೆ ಬಾಯಿಬಿಡುತ್ತವೆ.