ಮೂಗಿನ ಸ್ಕ್ಯಾನು, ಮದ್ದಿನ ಅಳತೆ

ಹೂಮಳೆ ಬಿದ್ದು ತೋಟ ಬೆಳ್ಳಗಾದರೆ ಮಡಿಕೇರಿ ಕಡೆ ಸೀನಿದವರೆಲ್ಲ ಬೈಯುವುದು ಪಾಪ ಕಾಫಿ ಹೂವನ್ನೇ. ಹುಲ್ಲಿನ ಪರಾಗ, ಗೋಡೆಯ ಬೂಷ್ಟು ಸುಮ್ಮನೆ ಪಾರಾಗುತ್ತವೆ.

ಇಂಥ ಅಲರ್ಜಿಗೆ ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ ಕೆಲಸ ಮಾಡಿತೇ ಎಂದು ಎಂಆರ್‌ಐ ಸ್ಕ್ಯಾನಿನಲ್ಲಿ ನೋಡಬಹುದು. ಟರ್ಬಿನೇಟ್, ಅಂದರೆ ಮೂಗಿನೊಳಗೆ ಪಕ್ಕದ ಗೋಡೆಯಿಂದ ಚಾಚಿದ ಮಡಿಕೆ, ಎಷ್ಟು ಊದಿದೆ, ಗಾಳಿಗೆ ಎಷ್ಟು ಜಾಗ ಉಳಿದಿದೆ ಎಂದು ಚಿಕಿತ್ಸೆಗೆ ಮುಂಚೆ, ಆಮೇಲೆ ಅಳೆಯುತ್ತಾರೆ. ಸಿಟಿ ಸ್ಕ್ಯಾನಿನಲ್ಲೂ ಆಗುತ್ತದೆ, ಆದರೆ ಪದೇ ಪದೇ ವಿಕಿರಣ ಯಾಕೆ?

ಎಡವಟ್ಟಾಗುವುದು ಮೂಗಿನ ಸರದಿಯಿಂದ. ಮದ್ದೇ ಇಲ್ಲದೆ ಕೆಲವು ಗಂಟೆಗೊಮ್ಮೆ ಒಂದು ಹೊಳ್ಳೆ ಊದಿ ಇನ್ನೊಂದು ತೆರೆಯುತ್ತದೆ. ಒಂದೇ ಬದಿ ಅಳೆದರೆ ಸುಳ್ಳು ಲೆಕ್ಕ, ಎರಡನ್ನೂ ಕೂಡಿಸಬೇಕು. ಮಲಗಿದರೂ ಮೂಗು ಕಟ್ಟುತ್ತದೆ, ಹಾಗಾಗಿ ಎರಡೂ ಸಲ ಮಲಗಿಸಿ ಅಷ್ಟೇ ಹೊತ್ತು ಬಿಟ್ಟು ಸ್ಕ್ಯಾನ್ ಮಾಡಬೇಕು. ಮೂಗು ಬಿಡಿಸುವ ಡ್ರಾಪ್ಸ್ ಆಗಷ್ಟೇ ಹಾಕಿಕೊಂಡು ಬಂದವರ ಚಿತ್ರ ಲೆಕ್ಕಕ್ಕಿಲ್ಲ. ಸ್ಟೀರಾಯ್ಡ್ ಸ್ಪ್ರೇ ಪೂರ್ತಿ ಹಿಡಿಯಲು 2 ವಾರವಾದರೂ ಬೇಕಾದೀತು. ಮೂರನೇ ದಿನಕ್ಕೇ ಎರಡನೇ ಸ್ಕ್ಯಾನ್ ಮಾಡಿಸಿದರೆ ದುಡ್ಡು ದಂಡ.

ಇಷ್ಟೆಲ್ಲ ಸಂಶೋಧನೆಗೆ ಸರಿ. ಸೀನು, ತುರಿಕೆ ಚಿತ್ರದಲ್ಲಿ ಕಾಣುವುದೇ ಇಲ್ಲ. ಮನೆಯಲ್ಲಿ ಒಂದು ನೋಟ್‌ಬುಕ್ ಸಾಕು: ಸೀನು, ತುರಿಕೆ, ಸೋರುವುದು, ಕಟ್ಟುವುದು, ಒಂದೊಂದಕ್ಕೂ 0ಯಿಂದ 3, ಒಟ್ಟು 12ಕ್ಕೆ. ದಿನಾ ಒಂದೇ ಹೊತ್ತಿಗೆ ಬರೆಯಿರಿ.