ಹಳೇ ಕಾರು ಎಕ್ಸ್‌ಚೇಂಜಿಗೋ, ಗುಜರಿಗೋ?

ಶೋರೂಮಿನಲ್ಲಿ ಹೊಸ ಕಾರಿನ ಬಣ್ಣ, ಮಾಡೆಲ್ ಎಲ್ಲ ಗೊತ್ತಾದ ಮೇಲೆ ಬರುವ ಪ್ರಶ್ನೆ ಇದು: "ಎಕ್ಸ್‌ಚೇಂಜಿಗೆ ಹಳೇ ಗಾಡಿ ಏನಾದ್ರೂ ಇದೆಯಾ ಸರ್?" ಇದೆ ಅಂದರೆ ಒಂದಿಷ್ಟು ಬೋನಸ್ ಸೇರಿಸಿ ಕೊಟೇಶನ್ ಬರೆದುಕೊಡುತ್ತಾರೆ. ಆ ಬೋನಸ್ಸನ್ನು ಸರ್ಕಾರದ ಪ್ರೋತ್ಸಾಹಧನ ಎಂದು ತಿಳಿದವರು ಬಹಳ ಜನ ಇದ್ದಾರೆ. ಅದು ಕಂಪನಿಯೂ ಡೀಲರೂ ಕೊಡುವ ರಿಯಾಯಿತಿ, ಅಷ್ಟೇ. ಎಕ್ಸ್‌ಚೇಂಜಿಗೆ ಸರ್ಕಾರ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಸರ್ಕಾರದ ಲಾಭ ಬೇಕೆಂದರೆ ಹಳೇ ಕಾರು ನೋಂದಾಯಿತ ಗುಜರಿ ಕೇಂದ್ರದಲ್ಲಿ ತುಂಡಾಗಬೇಕು, ಗಾಡಿಯನ್ನು ಅಲ್ಲಿ ಒಪ್ಪಿಸಿದ್ದಕ್ಕೆ ಸಾಕ್ಷಿಯಾಗಿ 'ಸರ್ಟಿಫಿಕೇಟ್ ಆಫ್ ಡೆಪಾಸಿಟ್' ಎಂಬ ಒಂದು ಪ್ರಮಾಣಪತ್ರ ನಿಮ್ಮ ಕೈಗೆ ಬರಬೇಕು. ಆರ್‌ಟಿಒ ಸುತ್ತಮುತ್ತ ಇದನ್ನು 'ಸಿಡಿ' ಅನ್ನುತ್ತಾರೆ. ಒಂದೇ ಕಾರಿಗೆ ಎಕ್ಸ್‌ಚೇಂಜ್ ಬೋನಸ್ಸೂ ಸಿಡಿಯೂ ಎರಡೂ ಸಿಗುವುದಿಲ್ಲ. ಆದ್ದರಿಂದ ಯಾವುದರಲ್ಲಿ ಹೆಚ್ಚು ಉಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಕೇಂದ್ರ ಸರ್ಕಾರದ ವಾಹನ ಗುಜರಿ ನೀತಿ 2021ರ ಬಜೆಟ್ಟಿನಲ್ಲಿ ಪ್ರಕಟವಾಗಿ, ಅದೇ ವರ್ಷ ಆಗಸ್ಟ್ 13ರಂದು ಚಾಲನೆ ಪಡೆಯಿತು. ಗುಜರಿ ಕೇಂದ್ರಗಳು ಹೇಗಿರಬೇಕು ಎಂಬ ನಿಯಮಗಳು ಸೆಪ್ಟೆಂಬರಿನಲ್ಲಿ ಬಂದವು, ತೆರಿಗೆ ರಿಯಾಯಿತಿಯ ಅಧಿಸೂಚನೆ ಅಕ್ಟೋಬರಿನಲ್ಲಿ. ರಿಯಾಯಿತಿ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಿಂದ.

ಕಾರನ್ನು ಒಡೆದೇ ತೀರಬೇಕು ಎಂಬ ಹಟ ಯಾಕೆ? ಹೊಗೆ ಕಾರುವ ಗಾಡಿಗೆ ದುಡ್ಡು ಕೊಟ್ಟು, ಅದೇ ಗಾಡಿ ಇನ್ನೊಬ್ಬರ ಕೈಗೆ ಹೋಗಿ ರಸ್ತೆಯಲ್ಲೇ ಉಳಿದರೆ ಖಜಾನೆಯ ಹಣ ನೀರುಪಾಲು. 2009ರಲ್ಲಿ ಅಮೆರಿಕ ಸರ್ಕಾರ ಹಳೇ ಕಾರು ಕೊಟ್ಟು ಹೊಸದು ಕೊಳ್ಳುವವರಿಗೆ 3,500 ಅಥವಾ 4,500 ಡಾಲರ್ ಕೊಟ್ಟಿತು. ಅಲ್ಲಿ ಡೀಲರುಗಳು ಹಳೇ ಕಾರಿನ ಎಂಜಿನ್ ಆಯಿಲ್ ಬಸಿದು, ಅದರ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಎಂಜಿನ್ ಕಚ್ಚಿಕೊಂಡು ನಿಲ್ಲುವ ತನಕ ಓಡಿಸಬೇಕಿತ್ತು. ಬಿಸಿಗೆ ನೀರಿನಂಶ ಆರಿ, ಉಳಿದದ್ದು ಗಾಜಿನ ಪುಡಿಯಂತಾಗಿ ಬೇರಿಂಗುಗಳನ್ನು ತಿಂದುಹಾಕುತ್ತಿತ್ತು. ನಮ್ಮಲ್ಲಿ ಡೀಲರ ಅಂಗಳದಲ್ಲಿ ಅದನ್ನೆಲ್ಲ ಮಾಡಿಸುವುದಿಲ್ಲ. ಕಾರು ಗುಜರಿ ಕೇಂದ್ರಕ್ಕೆ ಹೋಗಬೇಕು, ಪ್ರಮಾಣಪತ್ರವನ್ನೂ ಅಲ್ಲಿಂದಲೇ ಪಡೆಯಬೇಕು. ನನ್ನ ದೃಷ್ಟಿಯಲ್ಲಿ ನಮ್ಮ ಪದ್ಧತಿಯೇ ವಾಸಿ, ಏಕೆಂದರೆ ಎಣ್ಣೆ, ಬ್ಯಾಟರಿ, ಎ.ಸಿ. ಗ್ಯಾಸ್ ಎಲ್ಲವನ್ನೂ ಒಂದೇ ಕಡೆ ಸರಿಯಾಗಿ ಇಳಿಸಿಕೊಳ್ಳಬಹುದು.

ಈಗ ದುಡ್ಡಿನ ಲೆಕ್ಕ. ಗುಜರಿಗೆ ಹಾಕಿದರೆ ನಾಲ್ಕು ಕಡೆಯಿಂದ ಉಳಿತಾಯ, ಮೊದಲನೆಯದು ತೆರಿಗೆ. ಹೊಸ ಕಾರಿನ ಎಕ್ಸ್‌ಶೋರೂಮ್ ಬೆಲೆ 8,00,000 ರೂಪಾಯಿ ಎಂದುಕೊಳ್ಳಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಒಳಗಿನ ಕಾರಿಗೆ ಲೈಫ್ ಟ್ಯಾಕ್ಸ್ ಶೇ 14, ಅಂದರೆ 1,12,000. ಸೆಸ್ ಬೇರೆ. ಸ್ವಂತ ಬಳಕೆಯ ವಾಹನಕ್ಕೆ ಸಿಡಿ ತೋರಿಸಿದರೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಬಹುದು ಎನ್ನುತ್ತದೆ ಕೇಂದ್ರ ಸರ್ಕಾರದ ನಿಯಮ. ಹಳದಿ ಬೋರ್ಡಿನ ಗಾಡಿಗೆ ಶೇ 15ರವರೆಗೆ. ಈ 'ವರೆಗೆ' ಎಂಬ ಮಾತನ್ನು ಮರೆಯಬೇಡಿ. ತೆರಿಗೆ ರಾಜ್ಯದ್ದು, ಎಷ್ಟು ಬಿಡಬೇಕೆಂದು ನಿರ್ಧರಿಸುವುದೂ ರಾಜ್ಯವೇ. ಹಾಗಾಗಿ 1,12,000ರ ಶೇ 25, ಅಂದರೆ 28,000 ಎಂಬುದು ಗರಿಷ್ಠ ಮಿತಿ. ನಿಮ್ಮ ಬೆಲೆಯ ಕಾರಿಗೆ ಈಗ ನಿಜವಾಗಿ ಸಿಗುವ ಮೊತ್ತ ಎಷ್ಟೆಂದು ಆರ್‌ಟಿಒದಲ್ಲಿ ಕೇಳಿ, ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಎರಡನೆಯದು, ಹೊಸ ಕಾರಿನ ನೋಂದಣಿ ಶುಲ್ಕ 600 ರೂಪಾಯಿ ಪೂರ್ತಿ ಮಾಫಿ.

ಮೂರನೆಯದು ಕಂಪನಿಯ ಗುಜರಿ ರಿಯಾಯಿತಿ. 2024ರ ಆಗಸ್ಟಿನಲ್ಲಿ ಕೇಂದ್ರ ಸಚಿವರ ಜೊತೆ ಮಾತುಕತೆಯಾದ ಮೇಲೆ ಹಲವು ಕಾರು ಕಂಪನಿಗಳು ಎಕ್ಸ್‌ಶೋರೂಮ್ ಬೆಲೆಯ ಶೇ 1.5 ಅಥವಾ 20,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಬಿಡಲು ಒಪ್ಪಿಕೊಂಡವು. ನಮ್ಮ 8 ಲಕ್ಷದ ಕಾರಿಗೆ ಅದು 12,000. ಹಳೇ ಕಾರು ಹಿಂದಿನ 6 ತಿಂಗಳೊಳಗೆ ಗುಜರಿಯಾಗಿರಬೇಕು ಎಂಬ ಷರತ್ತು ಇತ್ತು. ಕಾರುಗಳ ಮಟ್ಟಿಗೆ ಈ ಒಪ್ಪಂದ ಒಂದು ವರ್ಷದ ಅವಧಿಯದಾಗಿತ್ತು. ಆದ್ದರಿಂದ ಇದನ್ನು ಹಕ್ಕೆಂದು ಕೇಳಲು ಬರುವುದಿಲ್ಲ. "ಈ ತಿಂಗಳು ಸ್ಕ್ರ್ಯಾಪೇಜ್ ಬೋನಸ್ ಎಷ್ಟಿದೆ?" ಎಂದು ವಿಚಾರಿಸಿ, ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ರಿಯಾಯಿತಿ ಬಿಲ್ ಮಾಡುವ ದಿನ ಮಾಯವಾಗುತ್ತದೆ.

ನಾಲ್ಕನೆಯದು ಗುಜರಿ ಬೆಲೆ. ಹೊಸ ಕಾರಿನ ಎಕ್ಸ್‌ಶೋರೂಮ್ ಬೆಲೆಯ ಶೇ 4ರಿಂದ 6ರಷ್ಟು ಸಿಗುತ್ತದೆ ಎಂದು ನೀತಿ ಪ್ರಕಟವಾದಾಗ ಹೇಳಲಾಗಿತ್ತು. ಆದರೆ ಗುಜರಿ ಕೇಂದ್ರದವರು ಬೆಲೆ ಕಟ್ಟುವುದು ತೂಕಕ್ಕೆ. ನಿಮ್ಮ ಆರ್.ಸಿ.ಯಲ್ಲೇ ಖಾಲಿ ಗಾಡಿಯ ತೂಕ ನಮೂದಾಗಿರುತ್ತದೆ, ಅದನ್ನು ಆ ದಿನದ ಕಬ್ಬಿಣದ ದರಕ್ಕೆ ಗುಣಿಸಿ ನೋಡಿ. 700 ಕೆ.ಜಿ. ಕಾರಿಗೆ ಕೆ.ಜಿ.ಗೆ 25 ರೂಪಾಯಿ ಹಿಡಿದರೆ 17,500. ಎಲ್ಲ ಸೇರಿಸಿದರೆ 58,100. ಇದೂ ಎಲ್ಲವೂ ಗರಿಷ್ಠ ಸಿಕ್ಕರೆ ಮಾತ್ರ.

ತೀರ್ಮಾನಕ್ಕೆ ಈ ಮೊತ್ತವೇ ಗೆರೆ. ಹಳೇ ಕಾರಿಗೆ ಎಕ್ಸ್‌ಚೇಂಜ್ ಬೆಲೆ, ಬೋನಸ್ ಎರಡೂ ಸೇರಿ 90,000 ಬರುತ್ತದೆ ಎಂದಾದರೆ ಗುಜರಿಗೆ ಹಾಕುವುದು ನಷ್ಟ. ಎಂಜಿನ್ ಬೋರಿಗೆ ಬಂದಿದೆ, ನೆಲ ತುಕ್ಕು ಹಿಡಿದಿದೆ, ಎಫ್‌ಸಿ ಮುಗಿದಿದೆ, ಬ್ರೋಕರ್ 25,000ಕ್ಕಿಂತ ಮೇಲೆ ಬರುತ್ತಿಲ್ಲ ಎಂದಾದರೆ ಗುಜರಿ ಕೇಂದ್ರವೇ ಲೇಸು. ಹೊಸ ಕಾರು ದುಬಾರಿಯಾದಷ್ಟೂ ತೆರಿಗೆಯ ರಿಯಾಯಿತಿ ದೊಡ್ಡದಾಗಬಹುದು, ಗೆರೆ ಮೇಲಕ್ಕೆ ಸರಿಯುತ್ತದೆ. ಹೊಸ ಕಾರು ಕೊಳ್ಳುವ ಯೋಚನೆಯೇ ಇಲ್ಲದವರಿಗೆ ಸಿಡಿಯಿಂದ ನೇರ ಉಪಯೋಗ ಕಡಿಮೆ. ಆದರೂ ಅದನ್ನು ಆನ್‌ಲೈನಿನಲ್ಲಿ ಬೇರೆಯವರಿಗೆ ಮಾರಲು ನಿಯಮದಲ್ಲಿ ಅವಕಾಶವಿದೆ.

15 ವರ್ಷ ತುಂಬಿದ ಕೂಡಲೇ ಕಾರನ್ನು ಗುಜರಿಗೆ ಹಾಕಲೇಬೇಕು ಎಂಬ ಭಯ ಊರೂರಲ್ಲಿದೆ, ಕೆಲವು ಬ್ರೋಕರುಗಳು ಅದನ್ನೇ ಹೇಳಿ ಬೆಲೆ ಇಳಿಸುತ್ತಾರೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎಂಬ ಕಟ್ಟುಪಾಡು ಹುಟ್ಟಿದ್ದು ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ, ಹಸಿರು ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟ್ ಆದೇಶಗಳಿಂದ. ಕರ್ನಾಟಕದಲ್ಲಿ ಸ್ವಂತ ಕಾರು ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಓಡಿಸಬಹುದು. 15 ವರ್ಷ ದಾಟಿದರೆ ಓಡುವಂತಿಲ್ಲ ಎಂಬ ನಿಯಮ ಇರುವುದು ಸರ್ಕಾರಿ ವಾಹನಗಳಿಗೆ, 2023ರ ಏಪ್ರಿಲ್ 1ರಿಂದ. ಆದರೆ ನವೀಕರಣ ಅಗ್ಗವಲ್ಲ. 600 ಇದ್ದ ಶುಲ್ಕ 2022ರ ಏಪ್ರಿಲಿನಿಂದ ಕಾರಿಗೆ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10,000. ತಡಮಾಡಿದರೆ ತಿಂಗಳಿಗೆ 500 ರೂಪಾಯಿಯಂತೆ ದಂಡ ಬೆಳೆಯುತ್ತದೆ. ಮೂರು ವರ್ಷದಿಂದ ಶೆಡ್ಡಿನಲ್ಲಿ ನಿಂತ ಕಾರಿಗೆ ಅದೇ 18,000. ಇದರ ಮೇಲೆ ಹಸಿರು ತೆರಿಗೆ, ಇನ್ಶೂರೆನ್ಸ್, ಟಿಂಕರಿಂಗ್ ಖರ್ಚು ಸೇರಿಸಿ ನೋಡಿದರೆ ಕಾರು ಇಟ್ಟುಕೊಳ್ಳಬೇಕೋ ಬೇಡವೋ ತಾನೇ ಗೊತ್ತಾಗುತ್ತದೆ.

ಗುಜರಿಗೆ ಎಂದು ತೀರ್ಮಾನಿಸಿದಿರಾ, ಕಾರು ಎಳೆಸುವ ಮೊದಲು ದಾಖಲೆ ನೋಡಿ. ಕೆಲಸ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಪರಿವಾಹನ್ ಜಾಲತಾಣದ ವಾಹನ್ ಸೇವೆಯಲ್ಲಿ ಗಾಡಿ ನಂಬರ್ ಹಾಕಿ ಮೂರು ವಿಷಯ ನೋಡಿಕೊಳ್ಳಿ: ಸಾಲದ ನಮೂದು, ಬಾಕಿ ದಂಡ, ಕಪ್ಪುಪಟ್ಟಿ. ಹತ್ತು ವರ್ಷದ ಹಿಂದೆಯೇ ಕಾರಿನ ಸಾಲ ತೀರಿಸಿದವರ ಆರ್.ಸಿ.ಯಲ್ಲೂ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿರುವುದು ತೀರಾ ಸಾಮಾನ್ಯ. ಬ್ಯಾಂಕಿನಿಂದ ಎನ್‌ಒಸಿ, ಸಾಲ ತೀರಿದೆ ಎಂದು ತಿಳಿಸುವ ಫಾರಂ 35 ತಂದು ಮೊದಲು ಅದನ್ನು ತೆಗೆಸಬೇಕು. ಸಾಲ ಕೊಟ್ಟ ಫೈನಾನ್ಸ್ ಸಂಸ್ಥೆ ಇನ್ನೊಂದರಲ್ಲಿ ವಿಲೀನವಾಗಿದ್ದರೆ ಈಗಿನ ಸಂಸ್ಥೆಯ ಪತ್ರ ಬೇಕು, ಅದಕ್ಕೇ ವಾರಗಟ್ಟಲೆ ಹಿಡಿಯಬಹುದು. ಸಂಚಾರ ದಂಡ ಬಾಕಿ ಇದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ 2023ರಲ್ಲಿ, ಮತ್ತೆ 2025ರಲ್ಲಿ ಅರ್ಧ ದಂಡದ ರಿಯಾಯಿತಿ ಬಂದಿತ್ತು. ಅಂಥದ್ದು ನಡೆಯುತ್ತಿದ್ದರೆ ಬಳಸಿಕೊಳ್ಳಿ, ಆದರೆ ಅದಕ್ಕಾಗಿ ಕಾಯುತ್ತ ಕೂರಬೇಡಿ.

ಇನ್ನೊಂದು ತೊಡಕು ಮೊಬೈಲ್ ನಂಬರಿನದು. ಕಾರು ಕೊಂಡಾಗ ಡೀಲರೋ ಏಜೆಂಟರೋ ತಮ್ಮ ನಂಬರನ್ನೇ ಹಾಕಿಬಿಟ್ಟಿದ್ದರೆ ಒಟಿಪಿ ನಿಮಗೆ ಬರುವುದಿಲ್ಲ. ಆಧಾರಿನ ಹೆಸರಿಗೂ ಆರ್.ಸಿ.ಯ ಹೆಸರಿಗೂ ಇನಿಶಿಯಲ್ ಹೊಂದದಿದ್ದರೂ ಕೆಲಸ ನಿಲ್ಲುತ್ತದೆ. ಕಾಗದದ ಆರ್.ಸಿ. ಪುಸ್ತಕದ ಕಾಲದ ಗಾಡಿಯಾದರೆ ಅದರ ವಿವರ ಕಂಪ್ಯೂಟರಿಗೆ ಏರಿಯೇ ಇಲ್ಲದಿರಬಹುದು, ಆಗ ಮೂಲ ನೋಂದಣಿಯ ಆರ್‌ಟಿಒಗೆ ಹೋಗಿ ಸೇರಿಸಬೇಕು. ಎಂಜಿನ್ ಬದಲಾಯಿಸಿ ಆರ್.ಸಿ.ಯಲ್ಲಿ ನಮೂದಿಸದಿದ್ದರೆ, ಗ್ಯಾಸ್ ಕಿಟ್ ಹಾಕಿಸಿ ಬರೆಸದಿದ್ದರೆ, ಗುಜರಿ ಕೇಂದ್ರದಲ್ಲಿ ನಂಬರ್ ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ. ಮಾಲೀಕರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಸಿದ್ಧವಿರಲಿ.

ದಾಖಲೆ ಸರಿಯಾದ ಮೇಲೆ, ವಾಹನ ಗುಜರಿಗೆಂದೇ ಸರ್ಕಾರ ಮಾಡಿರುವ ವಿ-ಸ್ಕ್ರ್ಯಾಪ್ ಪೋರ್ಟಲ್‌ನಲ್ಲಿ ಅರ್ಜಿ. ನೋಂದಾಯಿತ ಕೇಂದ್ರಗಳ ಪಟ್ಟಿ ಅಲ್ಲೇ ಇದೆ. ಕನಿಷ್ಠ ಎರಡು ಕೇಂದ್ರಗಳಿಂದ ಬೆಲೆ ಕೇಳಿ. ಕೇಳುವಾಗ ಎಳೆದೊಯ್ಯುವ ಖರ್ಚು ಯಾರದ್ದು, ದರ ಯಾವ ತೂಕಕ್ಕೆ, ಹಣ ಬ್ಯಾಂಕ್ ಖಾತೆಗೆ ಎಷ್ಟು ದಿನದಲ್ಲಿ ಬೀಳುತ್ತದೆ ಎಂಬುದನ್ನೂ ಕೇಳಿ. ಹೊರರಾಜ್ಯದ ಕೇಂದ್ರ ಹೆಚ್ಚು ಬೆಲೆ ಹೇಳಿದರೆ, ಅಲ್ಲಿನ ಸಿಡಿಗೆ ನಮ್ಮ ತೆರಿಗೆ ರಿಯಾಯಿತಿ ಅನ್ವಯಿಸುತ್ತದೆಯೇ ಎಂದು ಆರ್‌ಟಿಒದಲ್ಲಿ ಖಚಿತಪಡಿಸಿಕೊಂಡೇ ಮುಂದುವರಿಯಿರಿ. ಮೂಲ ಆರ್.ಸಿ., ಪ್ಯಾನ್, ಗುರುತಿನ ಮತ್ತು ವಿಳಾಸದ ಪುರಾವೆ, ರದ್ದು ಮಾಡಿದ ಚೆಕ್ ಸಾಮಾನ್ಯವಾಗಿ ಬೇಕಾಗುವ ಕಾಗದಗಳು.

ಕಾರು ಕೊಡುವ ಮುನ್ನ ಒಳ್ಳೆಯ ಟೈರು, ಬ್ಯಾಟರಿ, ಸ್ಟೀರಿಯೋ ಬಿಚ್ಚಿಕೊಂಡರೆ ಲಾಭ ಎನ್ನಿಸುತ್ತದೆ. ಸ್ಟೀರಿಯೋ ತೆಗೆದರೆ ಹೆಚ್ಚು ತಕರಾರಿಲ್ಲ. ಬ್ಯಾಟರಿ, ಅಲಾಯ್ ಚಕ್ರ, ಸೈಲೆನ್ಸರ್ ಸಾಲಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದಿದ್ದರೆ ಮಾತ್ರ ಬೆಲೆ ಕಡಿಯುತ್ತಾರೆ. ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ಹಿಂದೆ ಯಾವುದೋ ಗ್ಯಾರೇಜಿನಲ್ಲಿ "ಇದು ಬ್ಲಾಕ್ ಆಗಿದೆ" ಎಂದು ತೆಗೆದು ಬರಿ ಪೈಪು ಬೆಸೆದಿದ್ದರೆ ನಿಮಗೆ ಅರಿವಿಲ್ಲದೆಯೇ ಆ ಹಣ ಹೋಗಿರುತ್ತದೆ. ಡಿಕ್ಕಿ, ಡ್ಯಾಶ್‌ಬೋರ್ಡ್ ಪೆಟ್ಟಿಗೆ, ಸೀಟಿನಡಿ ಎಲ್ಲ ತಡಕಿ ಖಾಲಿ ಮಾಡಿ.

ಗುಜರಿ ಕೇಂದ್ರದವರು ಎರಡು ಪ್ರಮಾಣಪತ್ರ ಕೊಡುತ್ತಾರೆ. ಗಾಡಿ ಒಪ್ಪಿಸಿಕೊಂಡಾಗ ಸಿಡಿ, ಒಡೆದ ಮೇಲೆ ವಾಹನ ಗುಜರಿಯಾದ ಪ್ರಮಾಣಪತ್ರ. ಚಾಸಿ ನಂಬರ್ ಇರುವ ತುಂಡನ್ನು ಕತ್ತರಿಸಿ ಆರು ತಿಂಗಳು ಜೋಪಾನವಾಗಿಡುವುದು ಅವರ ಹೊಣೆ. ಸಿಡಿಗೆ ಅವಧಿ ಇದೆ, ಅದರ ಮೇಲಿನ ತಾರೀಖು ನೋಡಿಕೊಳ್ಳಿ. ಹೊಸ ಕಾರಿನ ತೆರಿಗೆ ಕಟ್ಟುವ ಮೊದಲೇ ಸಿಡಿ ಡೀಲರ ಕೈಯಲ್ಲಿರಬೇಕು. ಕಾರು ಡೆಲಿವರಿ ತಗೊಂಡು, ಪೂಜೆ ಮುಗಿಸಿ, ಆಮೇಲೆ ಹಳೇದನ್ನು ಗುಜರಿಗೆ ಕಳಿಸಿದರೆ, ಒಮ್ಮೆ ಕಟ್ಟಿದ ತೆರಿಗೆ ವಾಪಸು ಬರುತ್ತದೆಂದು ನಂಬಿಕೊಳ್ಳಬೇಡಿ. ಬುಕಿಂಗಿಗೂ ಡೆಲಿವರಿಗೂ ನಡುವಿನ ವಾರಗಳೇ ಈ ಕೆಲಸಕ್ಕೆ ತಕ್ಕ ಸಮಯ.

ಬೀದಿಬದಿಯ ಗುಜರಿ ಅಂಗಡಿಯವರು ನಾಲ್ಕೈದು ಸಾವಿರ ಹೆಚ್ಚೇ ಕೊಡಬಹುದು. ಬೇಡ. ಅಲ್ಲಿ ಸಿಡಿ ಸಿಗುವುದಿಲ್ಲ, ನೋಂದಣಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ನಂಬರ್ ಪ್ಲೇಟ್, ಆರ್.ಸಿ. ಕದ್ದ ಗಾಡಿಗೆ ಅಂಟಿಕೊಂಡರೆ ಪೊಲೀಸರು ಬರುವುದು ನಿಮ್ಮ ಮನೆಗೆ. ವಾಹನ ನಾಶವಾದರೆ ಅಥವಾ ಬಳಕೆಗೆ ಬಾರದಂತಾದರೆ ಮಾಲೀಕರು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ.

ಎಕ್ಸ್‌ಚೇಂಜಿಗೆ ಕೊಡುವವರಿಗೂ ಇದೇ ಎಚ್ಚರಿಕೆ. ಹೆಸರು ಬದಲಾಗುವ ತನಕ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕರ ಮೇಲೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸಹಿ ಹಾಕಿದ, ಹೆಸರು ವರ್ಗಾವಣೆಯ ಖಾಲಿ ಫಾರಂ 29, 30 ಕೊಟ್ಟು ಬರುವ ಹಳೇ ರೂಢಿ ಬಿಡಿ. 2023ರ ಏಪ್ರಿಲಿನಿಂದ ಅಧಿಕೃತ ಹಳೇ ವಾಹನ ಡೀಲರುಗಳಿಗೆ ಫಾರಂ 29ಸಿ ಮೂಲಕ ಗಾಡಿ ಒಪ್ಪಿಸುವ ವ್ಯವಸ್ಥೆ ಇದೆ. ಅದು ಪೋರ್ಟಲ್‌ನಲ್ಲಿ ದಾಖಲಾದ ಮೇಲೆ ಹೊಣೆ ಡೀಲರದ್ದು. ಡೀಲರಿಗೆ ಆ ಅಧಿಕಾರಪತ್ರ ಇದೆಯೇ ಎಂದು ಕೇಳಿ.

ಇನ್ಶೂರೆನ್ಸ್ ಕಂಪನಿಗೆ ಗಾಡಿ ಹೋದದ್ದನ್ನು ತಿಳಿಸಿ, ನೋ ಕ್ಲೇಮ್ ಬೋನಸ್ ಉಳಿಸಿಕೊಂಡ ಪತ್ರ ತೆಗೆದುಕೊಳ್ಳಿ. ಹೆಚ್ಚೆಂದರೆ ಶೇ 50ರವರೆಗೆ ಬರುವ ಆ ಬೋನಸ್ ಹೊಸ ಕಾರಿನ ಸ್ವಂತ ಹಾನಿಯ ಪ್ರೀಮಿಯಮ್ಮಿಗೆ ಅನ್ವಯಿಸುತ್ತದೆ, ಎಷ್ಟೋ ಸಲ ಇದು ಕಂಪನಿಯ ಗುಜರಿ ರಿಯಾಯಿತಿಯಷ್ಟೇ ಆಗುತ್ತದೆ. ಫಾಸ್ಟ್ಯಾಗ್ ಕಿತ್ತು ಬ್ಯಾಂಕಿನಲ್ಲಿ ಮುಚ್ಚಿಸಿದರೆ ಠೇವಣಿ ವಾಪಸು. ಒಂದು ತಿಂಗಳು ಬಿಟ್ಟು ವಾಹನ್ ಸೇವೆಯಲ್ಲಿ ಹಳೇ ನಂಬರ್ ಮತ್ತೊಮ್ಮೆ ಹಾಕಿ ನೋಡಿ. ನೋಂದಣಿ ಇನ್ನೂ ಚಾಲ್ತಿಯಲ್ಲಿದೆ ಎಂದು ತೋರಿಸಿದರೆ ಎರಡೂ ಪ್ರಮಾಣಪತ್ರಗಳ ಪ್ರತಿಯೊಂದಿಗೆ ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.